ಚೀಲದ ಮೇಲಿನ ಹೆಸರು, ಚೀಲದೊಳಗಿನ ಕೈ

ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಂಜಾಬಿನಿಂದ ಬಂದ ಲಾರಿಗಳು, ಇಳಿಯುತ್ತಲೇ ಇರುವ ಬಿತ್ತನೆ ಆಲೂಗಡ್ಡೆಯ ಚೀಲಗಳು, ಚೀಲದ ಬಾಯೊಳಗೆ ಮೊಣಕೈವರೆಗೆ ಕೈ ಇಳಿಸಿ ನಿಂತ ರೈತರು. ಆ ಗದ್ದಲದ ನಡುವೆ ನನ್ನ ತಮ್ಮನ ಮಗಳು ಕೈಯಲ್ಲೊಂದು ಪ್ರಶ್ನಾವಳಿ ಹಿಡಿದು ಯಾರನ್ನು ಮಾತಾಡಿಸಲಿ ಎಂದು ಹುಡುಕುತ್ತಿದ್ದಳು.

ಅವಳು ಬೆಂಗಳೂರಿನಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಬ್ರಾಂಡ್‌ಗಳ ಮನಶ್ಶಾಸ್ತ್ರ ಆರಿಸಿಕೊಂಡಿದ್ದಳು. ಒಂದು ಹೆಸರು, ಒಂದು ಬಣ್ಣ, ಒಂದು ಗುರುತು ಮನುಷ್ಯನ ತಲೆಯೊಳಗೆ ಹೇಗೆ ಮನೆ ಮಾಡುತ್ತದೆ ಎಂಬುದು ವಿಷಯ. ಮಾಲ್‌ಗಳಿಗೆ ಹೋಗಬೇಡ, ನಿನಗೆ ಗೊತ್ತಿರುವ ಊರಿಗೆ ಹೋಗು ಎಂದು ಮೇಷ್ಟ್ರು ಹೇಳಿದರಂತೆ. ಗೊತ್ತಿರುವ ಊರೆಂದರೆ ಅಜ್ಜಿಯ ಮನೆಯಿರುವ ಹಾಸನ. ಹಾಗಾಗಿ ಮೇ ತಿಂಗಳಲ್ಲಿ ಒಂದು ಸಲ, ದೀಪಾವಳಿ ಕಳೆದ ಮೇಲೆ ಇನ್ನೊಂದು ಸಲ ನಾವಿಬ್ಬರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತಿದೆವು. ನನ್ನ ಪಾತ್ರ ಡ್ರೈವರಿನದು. ನಡುನಡುವೆ ಮೂಗು ತೂರಿಸುವ ಹಕ್ಕನ್ನು ನಾನೇ ತೆಗೆದುಕೊಂಡೆ.

ಹಾಸನ ಜಿಲ್ಲೆಯ ಗುರುತು ಎಂದರೆ ಹುಲಿಯ ಮೇಲೆರಗಿದ ಸಳನಿರುವ ಹೊಯ್ಸಳ ಲಾಂಛನ ತಾನೆ, ಬೇಲೂರಿನಿಂದಲೇ ಶುರುಮಾಡುತ್ತಾಳೆ ಎಂದುಕೊಂಡಿದ್ದೆ. 'ಅದನ್ನ ನಮ್ಮ ಕ್ಲಾಸಲ್ಲಿ ಆಗ್ಲೇ ಮೂರು ಜನ ಮಾಡ್ತಿದಾರೆ ದೊಡ್ಡಪ್ಪ' ಎಂದಳು. ನನಗೂ ನಿರಾಳವಾಯಿತು.

ಅವಳ ಪ್ರಶ್ನಾವಳಿಯ ಮೂಲ ಅಮೆರಿಕದ್ದು. ಜೆನಿಫರ್ ಆಕರ್ ಎಂಬ ವಿದ್ವಾಂಸೆ 1997ರಲ್ಲಿ ಒಂದು ಪ್ರಬಂಧ ಬರೆದರು. ಜನ ಬ್ರಾಂಡುಗಳಿಗೂ ಮನುಷ್ಯರ ಸ್ವಭಾವ ಹಚ್ಚುತ್ತಾರೆ, ಆ ಸ್ವಭಾವಗಳನ್ನು ಪ್ರಾಮಾಣಿಕತೆ, ಉತ್ಸಾಹ, ಸಾಮರ್ಥ್ಯ, ನಾಜೂಕು, ಒರಟುತನ ಎಂಬ ಐದು ಗುಂಪುಗಳಲ್ಲಿ ಇಡಬಹುದು ಎಂಬುದು ಅವರ ವಾದ. ಇವಳು ಐದನ್ನೂ ಕನ್ನಡಕ್ಕೆ ತಂದು, ಮುಂದೆ ಚೌಕ ಬರೆದುಕೊಂಡು ಬಂದಿದ್ದಳು. ಮೊದಲ ಬಲಿ ಚೀಲದಿಂದ ಗೆಡ್ಡೆ ತೆಗೆದು ಕುಡುಗೋಲಿನಲ್ಲಿ ಎರಡು ಹೋಳು ಮಾಡಿ ನೋಡುತ್ತಿದ್ದ ಒಬ್ಬ ಹಿರಿಯರು.

'ಯಜಮಾನ್ರೆ, ಈ ಜಲಂಧರ್ ಅನ್ನೋದು ಒಬ್ಬ ಮನುಷ್ಯ ಆಗಿದ್ದಿದ್ರೆ ಹೆಂಗಿರ್ತಿದ್ದ?'

ಅವರು ಹುಡುಗಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. 'ಸಾಲ ಕೊಡೋ ಸಾವ್ಕಾರ ಇದ್ದಂಗೆ ಕಣವ್ವ. ನಂಬ್ದೇ ಇದ್ರೆ ಬದುಕಿಲ್ಲ, ನಂಬುದ್ರೆ ನಿದ್ದೆ ಇಲ್ಲ' ಎಂದರು.

ಐದು ಚೌಕಗಳಲ್ಲಿ ಯಾವುದಕ್ಕೂ ಅದು ಹೊಂದಲಿಲ್ಲ. ಅವಳು ಪೆನ್ನು ಹಿಡಿದುಕೊಂಡೇ ನಿಂತಳು.

ಆ ಮಾತಿನ ಹಿಂದೆ ಹಾಸನದ ಆಲೂಗಡ್ಡೆಯ ಕಥೆಯೇ ಇದೆ. ಇಲ್ಲಿ ಮುಂಗಾರಿಗೆ ಬಿತ್ತುವ ಗೆಡ್ಡೆ ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ತಳಿ ಬಹುಕಾಲದಿಂದ ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ್ದು. ಕುಫ್ರಿ ಎಂದರೆ ಶಿಮ್ಲಾ ಹತ್ತಿರದ ಒಂದು ಹಳ್ಳಿ. ನಮ್ಮ ರೈತರು ಆ ಹಳ್ಳಿಯನ್ನು ಬಿಟ್ಟು ಬರೀ 'ಜ್ಯೋತಿ' ಎನ್ನುತ್ತಾರೆ. ಬಂದ ಹೊಸದರಲ್ಲಿ ಜ್ಯೋತಿಗೆ ಅಂಗಮಾರಿ ರೋಗ ತಡೆಯುವ ಶಕ್ತಿ ಇತ್ತು. ಬರಬರುತ್ತಾ ಆ ಶಕ್ತಿ ಹೋಯಿತು, ಹೆಸರು ಉಳಿಯಿತು. ಅಂಗಮಾರಿಯ ಹೊಡೆತಕ್ಕೆ ಜಿಲ್ಲೆಯಲ್ಲಿ ಆಲೂಗಡ್ಡೆ ಬೆಳೆಯುವ ಭೂಮಿಯೇ ಕರಗುತ್ತಾ ಬಂದಿದೆ.

ರೈತ ಚೀಲದೊಳಗೆ ಕೈ ಹಾಕುತ್ತಾನೆ, ಗೆಡ್ಡೆ ಹಿಸುಕುತ್ತಾನೆ, ಮೂಸುತ್ತಾನೆ, ಕಣ್ಣು ಎಣಿಸುತ್ತಾನೆ, ಕೊಯ್ದು ತಿರುಳಿನ ಬಣ್ಣ ನೋಡುತ್ತಾನೆ. ಇಷ್ಟೆಲ್ಲ ಮಾಡಿದರೂ ಅವನಿಗೆ ಬೇಕಾದ ಒಂದು ಸಂಗತಿ ಮಾತ್ರ ಕೈಗೆ ಸಿಗುವುದಿಲ್ಲ. ಈ ಗೆಡ್ಡೆ ಜುಲೈ ಮಳೆಯಲ್ಲಿ ಹೇಗಿರುತ್ತದೆ ಎಂಬುದನ್ನು ಯಾವ ಕುಡುಗೋಲೂ ತೋರಿಸುವುದಿಲ್ಲ. ಅಲ್ಲಿಗೆ ಕೈಯ ಕೆಲಸ ಮುಗಿಯಿತು, ಹೆಸರಿನ ಕೆಲಸ ಶುರುವಾಯಿತು. ಮುಟ್ಟಿ ನೋಡಲು ಆಗದ ಜಾಗದಲ್ಲಿ ಮನುಷ್ಯ ಹೆಸರನ್ನು ನಂಬುತ್ತಾನೆ. ಬ್ರಾಂಡ್ ಹುಟ್ಟುವ ಜಾಗ ಅದೇ ಇರಬೇಕು ಎಂದು ನನಗೆ ಅನ್ನಿಸಿದ್ದು ಅಲ್ಲಿ, ಆ ಚೀಲಗಳ ಪಕ್ಕ. ಜಲಂಧರ್ ಯಾವ ಕಂಪನಿಯೂ ಅಲ್ಲ. ಅದಕ್ಕೆ ಲೋಗೊ ಇಲ್ಲ, ಜಾಹೀರಾತು ಇಲ್ಲ. ಅದು ಒಂದು ಊರು, ಅಷ್ಟೆ. ಇತ್ತೀಚೆಗೆ ಜಿಲ್ಲೆಯ ನರ್ಸರಿಗಳಲ್ಲಿ ಆಲೂಗಡ್ಡೆಯ ಕುಡಿ ಕತ್ತರಿಸಿ, ಬೇರು ಬರಿಸಿ, ಸಸಿಯಾಗಿ ಮಾರುತ್ತಿದ್ದಾರೆ. ರೋಗವಿಲ್ಲದ ಬಿತ್ತನೆಯನ್ನು ಇಲ್ಲೇ ಮಾಡಿಕೊಳ್ಳಬೇಕೆಂಬ ಪ್ರಯತ್ನ. ಒಳ್ಳೆಯ ಕೆಲಸವೇ. ಆದರೆ ಸಸಿಯ ತಟ್ಟೆಗೆ ಜಲಂಧರ್ ಎಂಬಂಥ ಒಂದು ಹೆಸರು ಇನ್ನೂ ಬಂದಿಲ್ಲ.

ಮಧ್ಯಾಹ್ನ ಮನೆಗೆ ಬಂದ ಮೇಲೆ ಹುಡುಗಿ ಅಜ್ಜಿಯ ಮೇಲೊಂದು ಪ್ರಯೋಗ ಮಾಡಿದಳು. ಮೂರು ಲೋಟಗಳಲ್ಲಿ ಹಾಲು ಕಾಯಿಸಿ ತಂದಿಟ್ಟು, ಒಂದು ನೀಲಿ ಪ್ಯಾಕೆಟ್ಟಿನದು, ಒಂದು ಆರೆಂಜ್ ಪ್ಯಾಕೆಟ್ಟಿನದು, ಒಂದು ಪಕ್ಕದ ಮನೆಯವರು ಕರೆದು ಕೊಟ್ಟ ಹಸುವಿನ ಹಾಲು ಎಂದಳು. ಅಜ್ಜಿ ಮೂರನ್ನೂ ಗುಟುಕರಿಸಿ ತೀರ್ಪು ಕೊಟ್ಟರು: ನೀಲಿಯದು ತೆಳು, ಆರೆಂಜಿನದು ಪರವಾಗಿಲ್ಲ, ಮನೆ ಹಾಲಿನ ರುಚಿಯೇ ಬೇರೆ. ಮೂರೂ ಒಂದೇ ಪ್ಯಾಕೆಟ್ಟಿನ ಹಾಲು.

ನಿಜ ಹೇಳಿದಾಗ ಅಜ್ಜಿಗೆ ಮುಜುಗರವೇನೂ ಆಗಲಿಲ್ಲ, ಸಿಟ್ಟು ಬಂತು. 'ಕೊಟ್ಟೋಳು ನೀನಲ್ವೇನೆ? ಮೊಮ್ಮಗಳು ಸುಳ್ಳು ಹೇಳ್ಕೊಟ್ರೆ ನನ್ನ ನಾಲ್ಗೆ ಏನ್ ಮಾಡುತ್ತೆ?'

ಇಂಥದ್ದೇ ಪರೀಕ್ಷೆಯನ್ನು ಆಲಿಸನ್ ಮತ್ತು ಉಲ್ ಎಂಬಿಬ್ಬರು ಅಮೆರಿಕದಲ್ಲಿ ಬಿಯರ್ ಕುಡಿಯುವವರ ಮೇಲೆ ಮಾಡಿ 1964ರಲ್ಲಿ ಪ್ರಕಟಿಸಿದ್ದರು. ಚೀಟಿ ಕಿತ್ತ ಬಾಟಲಿ ಕೊಟ್ಟಾಗ ಜನಕ್ಕೆ ತಮ್ಮ ಮೆಚ್ಚಿನ ಬಿಯರ್ ಯಾವುದೆಂದೇ ಗುರುತಿಸಲಾಗಲಿಲ್ಲ. ಚೀಟಿ ಅಂಟಿಸಿ ಕೊಟ್ಟಾಗ ತಮ್ಮದೇ ಹೆಚ್ಚು ರುಚಿ ಎಂದರು. 2004ರಲ್ಲಿ ಕೋಕ್ ಮತ್ತು ಪೆಪ್ಸಿ ಕುಡಿಸಿ ಮೆದುಳಿನ ಚಿತ್ರ ತೆಗೆದವರಿಗೆ, ಕೋಕ್ ಎಂಬ ಹೆಸರು ತೋರಿಸಿದಾಗ ನೆನಪಿಗೆ ಸಂಬಂಧಿಸಿದ ಭಾಗಗಳೂ ಚುರುಕಾಗುವುದು ಕಂಡಿತು. ಪುಸ್ತಕಗಳು ಇದರಿಂದ ಹೊರಡಿಸುವ ಅರ್ಥ, ನಾಲಿಗೆ ಮೋಸಹೋಗುತ್ತದೆ ಎಂಬುದು. ನಮ್ಮಮ್ಮನ ಸಿಟ್ಟಿನಲ್ಲಿ ಬೇರೊಂದು ಅರ್ಥವಿದೆ. ಅವರು ಪ್ಯಾಕೆಟ್ಟನ್ನು ನಂಬಿದವರಲ್ಲ. ಲೋಟ ತಂದುಕೊಟ್ಟವಳ ಮಾತನ್ನು ನಂಬಿದವರು. ಪ್ರಯೋಗ ಮಾಡಿದ ವಿಜ್ಞಾನಿಯೇ ಇಲ್ಲಿ ಬ್ರಾಂಡ್ ಆಗಿಬಿಟ್ಟಿದ್ದಳು.

ಹಾಲಿನ ಮಾತು ಬಂದರೆ ಹಾಸನದಲ್ಲಿ ನಂದಿನಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಶುರುವಾದ ಡೇರಿ ಅಭಿವೃದ್ಧಿ ನಿಗಮ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಹಾಸನದ ಹಾಲು ಒಕ್ಕೂಟ ಹಾಸನ, ಕೊಡಗು, ಚಿಕ್ಕಮಗಳೂರು ಮೂರು ಜಿಲ್ಲೆಗಳದು. ಅಂಗಡಿಯಲ್ಲಿ ಯಾರೂ 'ಟೋನ್ಡ್ ಹಾಲು ಕೊಡಿ' ಎನ್ನುವುದಿಲ್ಲ. ನೀಲಿ ಎರಡು, ಆರೆಂಜ್ ಒಂದು ಎನ್ನುತ್ತಾರೆ. ಡಿಸೈನ್ ವಿದ್ಯಾರ್ಥಿನಿಗೆ ಇದು ಹಬ್ಬ: ಹೆಸರು ಬಿದ್ದುಹೋಗಿ ಬಣ್ಣವೇ ಹೆಸರಾಗಿದೆ.

ಆದರೆ ಅವಳು ನೋಟ್‌ಬುಕ್ ಮುಚ್ಚಿದ್ದು ಬಣ್ಣದ ವಿಷಯಕ್ಕಲ್ಲ. ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ಬೆಳಗಿನ ಜಾವ ಡೇರಿಯ ಮುಂದೆ ಕ್ಯಾನು, ಚೊಂಬು ಹಿಡಿದು ನಿಂತ ಸಾಲನ್ನು ನೋಡಿದಾಗ. (ಹಳ್ಳಿಯಲ್ಲಿ ಡೇರಿ ಎಂದರೆ ಹಾಲು ಹಾಕುವ ಸೊಸೈಟಿ, ಪೇಟೆಯ ದೊಡ್ಡ ಕಟ್ಟಡವಲ್ಲ.) ಹಾಲು ಹಾಕಿ, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಬಂತು ಎಂದು ಯಂತ್ರದ ಚೀಟಿ ನೋಡಿ, ಕಡಿಮೆ ಬಂದರೆ ಗೊಣಗಿ, ಬಟವಾಡೆ ಯಾವತ್ತು ಎಂದು ಕೇಳಿ ಹೋಗುವ ಹೆಂಗಸು, ಮಧ್ಯಾಹ್ನ ಪೇಟೆಯಲ್ಲಿರುವ ಮಗಳ ಮನೆಗೆ ಹೋದರೆ ಅದೇ ನಂದಿನಿ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತಾಳೆ. ಬ್ರಾಂಡ್ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ಮಾಡುವವನು ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ ಇರುತ್ತಾರೆ. ನಡುವೆ ಲೋಗೊ ಸೇತುವೆ. ಇಲ್ಲಿ ಎರಡೂ ದಡದಲ್ಲಿ ಒಬ್ಬಳೇ. ಪ್ಯಾಕೆಟ್ಟಿನ ಒಳಗೆ ಏನಿದೆ ಎಂಬುದು ಅವಳಿಗೆ ಗೊತ್ತು, ಬೆಳಿಗ್ಗೆ ಅವಳೇ ಹಾಕಿದ್ದು.

2023ರಲ್ಲಿ ನಡೆದದ್ದು ಆಗ ಸ್ವಲ್ಪ ಅರ್ಥವಾಗುತ್ತದೆ. ಆ ಮಾರ್ಚಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಮೊಸರಿನ ಪ್ಯಾಕೆಟ್ ಮೇಲೆ 'ದಹಿ' ಎಂದು ದೊಡ್ಡದಾಗಿ ಹಾಕಿ, 'ಮೊಸರು' ಎಂಬುದನ್ನು ಆವರಣದೊಳಗೆ ಇಡಬೇಕು ಎಂದಿತು. ಇಲ್ಲೂ ತಮಿಳುನಾಡಿನಲ್ಲೂ ಗಲಾಟೆಯಾಗಿ ತಿಂಗಳು ಮುಗಿಯುವುದರೊಳಗೆ ಹಿಂದೆ ಸರಿಯಿತು. ಏಪ್ರಿಲ್ 5ರಂದು ಅಮುಲ್ ಬೆಂಗಳೂರಿಗೆ ಬರುತ್ತಿದ್ದೇನೆ ಎಂದಿತು. ವಿಧಾನಸಭೆ ಚುನಾವಣೆಗೆ ಉಳಿದಿದ್ದದ್ದು ಐದೇ ವಾರ. ನಂದಿನಿಯನ್ನು ಉಳಿಸಿ ಎಂಬ ಕೂಗು ಎದ್ದದ್ದನ್ನು ಓದುಗರು ಮರೆತಿರಲಾರರು. ಅಮುಲ್ ಕೂಡ ಸಹಕಾರಿಯೇ, ಅಲ್ಲಿಯೂ ಹಾಲು ಹಾಕುವುದು ರೈತರೇ. ವಾದಕ್ಕೆ ಇಳಿದರೆ ಆ ಮಾತು ಸರಿ. ಆದರೆ ನಂದಿನಿ ಜನಕ್ಕೆ ಬರೀ ಸಾಮಾನಿನ ಹೆಸರಾಗಿರಲಿಲ್ಲ, ಬಟವಾಡೆಯ ಹೆಸರಾಗಿತ್ತು. ರಾಜ್‌ಕುಮಾರ್ ಸಂಭಾವನೆ ಪಡೆಯದೆ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದನ್ನು ಜನ ಇವತ್ತಿಗೂ ಹೇಳುತ್ತಾರೆ. ಜಾಹೀರಾತಿನಲ್ಲಿ ಅಣ್ಣಾವ್ರು ಆಡಿದ ಮಾತಿಗಿಂತ, ದುಡ್ಡು ತೆಗೆದುಕೊಳ್ಳಲಿಲ್ಲ ಎಂಬ ಮಾತೇ ಹೆಚ್ಚು ಕಾಲ ಓಡಿದೆ. ಇನ್ನು ಆ ಹೆಸರು. ವಸಿಷ್ಠರ ಹಸು ನಂದಿನಿಯನ್ನು ಎಳೆದೊಯ್ಯಲು ಹೋಗಿ ವಿಶ್ವಾಮಿತ್ರ ಸೋತ ಕಥೆ ಕೇಳಿ ಬೆಳೆದ ನಾಡಿನಲ್ಲಿ, ಹೆಸರಿಟ್ಟವರು ಅರಿತೋ ಅರಿಯದೆಯೋ ಜಗಳದ ಸ್ಕ್ರಿಪ್ಟನ್ನೂ ಮೊದಲೇ ಬರೆದಿಟ್ಟಿದ್ದರು.

ಹೊಳೆನರಸೀಪುರಕ್ಕೆ ಅವಳನ್ನು ಕರೆದುಕೊಂಡು ಹೋಗಲು ನನ್ನದೇ ಒಂದು ಕಾರಣ ಇತ್ತು. ಈ ದೇಶದ ಅತಿ ದೊಡ್ಡ ಗ್ರಾಫಿಕ್ ಡಿಸೈನ್ ಕೆಲಸ ಯಾವುದು ಎಂದು ಕೇಳಿದರೆ ನಾನು ಚುನಾವಣಾ ಚಿಹ್ನೆ ಎನ್ನುತ್ತೇನೆ. ಓದು ಬಾರದ ಕೋಟ್ಯಂತರ ಜನ ಚಿತ್ರ ನೋಡಿ ಆರಿಸಬೇಕಿತ್ತು. ಮೊದಲ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಬೇರೆ ಪೆಟ್ಟಿಗೆ, ಪೆಟ್ಟಿಗೆಗೆ ಅವನ ಚಿಹ್ನೆ. ಒಂದೇ ಮತಪತ್ರದ ಮೇಲೆ ಗುರುತು ಒತ್ತುವ ಪದ್ಧತಿ ದೇಶವಿಡೀ ಬಂದದ್ದು 1962ರಲ್ಲಿ. ಹಲವಾರು ಚಿಹ್ನೆಗಳನ್ನು ಪೆನ್ಸಿಲ್ಲಿನಲ್ಲಿ ಬರೆದವರು ಚುನಾವಣಾ ಆಯೋಗದ ನಕ್ಷೆಗಾರ ಎಂ.ಎಸ್. ಸೇಠಿ. ಅದೇ 1962ರಲ್ಲಿ ಹರದನಹಳ್ಳಿಯ ದೇವೇಗೌಡರು ಹೊಳೆನರಸೀಪುರದಿಂದ ಪಕ್ಷೇತರರಾಗಿ ಮೊದಲ ಸಲ ವಿಧಾನಸಭೆಗೆ ಗೆದ್ದರು. ಆಮೇಲೆ ಪಕ್ಷಗಳು ಒಡೆದವು, ಕೂಡಿದವು, ಮತ್ತೆ ಒಡೆದವು; ನೇಗಿಲು ಹೊತ್ತ ರೈತ ಹೋಗಿ ಚಕ್ರ ಬಂತು, ಚಕ್ರ ಹೋಗಿ ತೆನೆ ಹೊತ್ತ ಮಹಿಳೆ ಬಂದಳು. ಲೋಗೊ ಬದಲಾಯಿಸಿದರೆ ಗಿರಾಕಿ ಓಡಿಹೋಗುತ್ತಾನೆ ಎಂದು ಕಂಪನಿಗಳು ಹೆದರುತ್ತವೆ. ಇಲ್ಲಿನ ಗೋಡೆಗಳು ಎಷ್ಟು ಸಲ ಸುಣ್ಣ ಬಳಿಸಿಕೊಂಡು ಹೊಸ ಚಿತ್ರ ಬರೆಸಿಕೊಂಡಿವೆಯೋ! ಪರವೋ ವಿರೋಧವೋ, ಜನ ಓಟು ಹಾಕಿದ್ದು ಮನುಷ್ಯನನ್ನು ನೋಡಿ.

1962ಕ್ಕೆ ಇನ್ನೊಂದು ನಂಟಿದೆ. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮಹಾಚುನಾವಣೆಗೆ ಬಂದದ್ದು ಆ ವರ್ಷವೇ, ಮೈಸೂರಿನ ಬಣ್ಣದ ಕಾರ್ಖಾನೆಯಿಂದ. ಇಡೀ ದೇಶದ ಮೈಮೇಲೆ ಗುರುತು ಹಾಕುವ ಆ ಸರಕಿನ ತಯಾರಕರ ಹೆಸರು ಬೆರಳು ನೀಡುವವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಹಾಸನಕ್ಕೆ ಹಿಂತಿರುಗುವಾಗ ಬಿ.ಎಂ. ರಸ್ತೆಯ ಬೋರ್ಡುಗಳನ್ನು ನೋಡುತ್ತಾ ಅವಳು ಒಂದು ಒಳ್ಳೆಯ ಮಾತು ಹೇಳಿದಳು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದ ಮೇಲೆ ದೊಡ್ಡ ದೊಡ್ಡ ಬ್ರಾಂಡುಗಳೂ ಕನ್ನಡ ಬರೆಸಿಕೊಂಡಿವೆ. ಆದರೆ ಲ್ಯಾಟಿನ್ ಲೋಗೊ ಬಿಡಿಸಿದವನ ಕಾಳಜಿ ಕನ್ನಡದ್ದಕ್ಕೆ ಸಿಕ್ಕಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ತಲೆಕಟ್ಟು, ಗುಡಿಸು, ಕೆಳಗೆ ಒತ್ತು. ಅಷ್ಟೇ ಎತ್ತರದ ಪಟ್ಟಿಯಲ್ಲಿ ತುರುಕಿದರೆ ಅಕ್ಷರದ ಹೊಟ್ಟೆ ಕುಗ್ಗುತ್ತದೆ. 'ಅಳತೆ ಶೇ 60 ಇದ್ರೂ ಕಣ್ಣಿಗೆ ಶೇ 40 ಕಾಣ್ಸುತ್ತೆ ದೊಡ್ಡಪ್ಪ. ಒತ್ತಿಗೆ ಜಾಗ ಬಿಟ್ಟು ಬರೆಯೋರು ಅಂದ್ರೆ ಹಳೇ ಬೋರ್ಡ್ ಪೇಂಟರ್‌ಗಳೇ.'

ನವೆಂಬರಿನಲ್ಲಿ ಬಂದಾಗ ಹೋದದ್ದು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ. ಕಾವೇರಿ ದಂಡೆ, ರಾಮೇಶ್ವರ ದೇವಸ್ಥಾನ, ಮತ್ತು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಬ್ಯಾರನ್‌ನಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬೇಲ್ ಕಟ್ಟಿ ಸಾಲಾಗಿ ಇಟ್ಟಿರುತ್ತಾರೆ. ವ್ಯಾಪಾರಿಗಳು ಸಾಲಿನುದ್ದಕ್ಕೂ ನಡೆಯುತ್ತಾ, ಬೇಲಿನ ಎದೆಯಿಂದ ಒಂದು ಹಿಡಿ ಎಲೆ ಎಳೆದು, ಬೆರಳಲ್ಲಿ ಹೊಸಕಿ, ಮೂಗಿಗೆ ಹಿಡಿದು, ಕೈಯಲ್ಲಿರುವ ಯಂತ್ರದಲ್ಲಿ ಬೆಲೆ ಒತ್ತಿ ಮುಂದೆ ಹೋಗುತ್ತಾರೆ. ಆರು ತಿಂಗಳ ದುಡಿಮೆ ಕೆಲವೇ ಕ್ಷಣಗಳಲ್ಲಿ ತೀರ್ಮಾನವಾಗುತ್ತದೆ. ಚಿನ್ನದ ಬಣ್ಣದ ಎಲೆಗೆ ಒಳ್ಳೆಯ ದರ. ಕಂದು ತಿರುಗಿದ್ದಕ್ಕೆ ಲೋ ಗ್ರೇಡ್.

ಅವಳು ಮೊಬೈಲಿನಲ್ಲಿ ಒಂದು ಬಣ್ಣ ತೆಗೆದು ತೋರಿಸಿದಳು. ಕಂದೂ ಅಲ್ಲ, ಹಸಿರೂ ಅಲ್ಲ, ಕೆಸರು ಒಣಗಿದಂಥದ್ದು. ಪ್ಯಾಂಟೋನ್ 448 ಸಿ ಎಂದು ಅದರ ಹೆಸರು. ಸಿಗರೇಟು ಪ್ಯಾಕಿನ ಆಕರ್ಷಣೆ ಕೊಲ್ಲಲು ಆಸ್ಟ್ರೇಲಿಯಾ ಸರ್ಕಾರ ಸಂಶೋಧಕರನ್ನು ಹಿಡಿದು, ಧೂಮಪಾನಿಗಳಿಗೇ ತೋರಿಸಿ ಕೇಳಿ, ಅತ್ಯಂತ ಅಸಹ್ಯವಾದ ಬಣ್ಣ ಯಾವುದೆಂದು ಹುಡುಕಿಸಿತು. 2012ರ ಡಿಸೆಂಬರಿನಿಂದ ಅಲ್ಲಿ ಎಲ್ಲ ಪ್ಯಾಕುಗಳಿಗೂ ಅದೇ ಬಣ್ಣ, ಲೋಗೊ ಇಲ್ಲ, ಹೆಸರು ಒಂದೇ ಥರದ ಸಣ್ಣ ಅಕ್ಷರದಲ್ಲಿ. ಮೊದಲಿಗೆ ಅದನ್ನು ಆಲಿವ್ ಹಸಿರು ಎಂದು ಕರೆದರಂತೆ. ನಮ್ಮ ಬೆಳೆಯ ಹೆಸರು ಕೆಡಿಸಬೇಡಿ ಎಂದು ಅಲ್ಲಿನ ಆಲಿವ್ ಬೆಳೆಗಾರರು ತಕರಾರು ತೆಗೆದರು! ಬ್ರಾಂಡ್ ಮನಶ್ಶಾಸ್ತ್ರವನ್ನು ತಲೆಕೆಳಗು ಮಾಡಿ ಬಳಸಿದ ಕೆಲಸ ಇದು. ನಂಬಿಸಲು ಕಲಿತ ವಿದ್ಯೆಯಿಂದಲೇ ನಂಬಿಕೆ ಕೀಳುವುದು. ನಮ್ಮಲ್ಲಿ 2016ರ ಏಪ್ರಿಲಿನಿಂದ ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರಕ್ಕೆ ಮೀಸಲಾಯಿತು. 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಪಕ್ಕದಲ್ಲಿ ಕುಳಿತಿದ್ದ ಬೆಳೆಗಾರರೊಬ್ಬರು ಮೊಬೈಲ್ ಇಸಿದುಕೊಂಡು ಆ ಬಣ್ಣವನ್ನು ನೋಡಿದರು. ಎದ್ದು ಹೋಗಿ ತಮ್ಮ ಬೇಲಿನಿಂದ ಒಂದು ಎಲೆ ತಂದು ಪರದೆಯ ಪಕ್ಕ ಹಿಡಿದರು. ಹೆಚ್ಚುಕಡಿಮೆ ಅದೇ ಬಣ್ಣ. 'ಇದ್ನ ಕಂಡ್ಹಿಡಿಯಕ್ಕೆ ಅಷ್ಟು ದುಡ್ಡು ಯಾಕ್ ಕೊಟ್ರು? ನಮ್ಮನ್ನ ಕೇಳಿದ್ರೆ ಹೇಳ್ತಿದ್ವಲ್ಲ' ಎಂದರು.

ನಗು ಬಂತು, ಆದರೆ ಪೂರ್ತಿ ನಗಲಾಗಲಿಲ್ಲ. ಅವರ ಎಲೆ ಯಾವ ಸಿಗರೇಟಿಗೆ ಹೋಗುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಬಹುಪಾಲು ದೇಶದಿಂದಲೇ ಆಚೆ ಹೋಗುತ್ತದೆ. ಹಾಲು ಹಾಕುವ ಹೆಂಗಸಿಗೆ ಪ್ಯಾಕೆಟ್ಟಿನ ಮೇಲೆ ಇರುವ ಹಕ್ಕು ಈತನಿಗೆ ಯಾವ ಪ್ಯಾಕಿನ ಮೇಲೂ ಇಲ್ಲ. ಆ ಪ್ಯಾಕಿನ ಮೇಲೆ ಇರುವುದು ಕ್ಯಾನ್ಸರಿನ ಚಿತ್ರ. ಇರಬೇಕಾದದ್ದೇ, ನಾನು ಬೇಡ ಎನ್ನುವವನಲ್ಲ. ಆದರೂ ಅವರು ಎಲೆಯನ್ನು ಮತ್ತೆ ಬೇಲಿನೊಳಗೆ ಸಿಕ್ಕಿಸಿದ ರೀತಿ, ಮುರಿಯದ ಹಾಗೆ, ಮಡಿಕೆ ಬೀಳದ ಹಾಗೆ, ಕಣ್ಣಿಗೆ ಕಟ್ಟಿದೆ.

ಚನ್ನರಾಯಪಟ್ಟಣದಲ್ಲಿ ಉಂಡೆ ಕೊಬ್ಬರಿ. ತೆಂಗಿನಕಾಯಿಯನ್ನು ಅಟ್ಟಕ್ಕೇರಿಸಿ ಹತ್ತಾರು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪಿನಿಂದ ಬಿಡುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಕಿವಿಯಿಂದ. ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಎನ್ನಬೇಕು. ಒಡೆದು ನೋಡುವಂತಿಲ್ಲ, ಮೂಸುವಂತಿಲ್ಲ. ಸದ್ದೇ ಅದರ ಮೊಹರು. ಇಷ್ಟು ಸೂಕ್ಷ್ಮವಾಗಿ ಮಾಡಿದ ಸರಕಿಗೆ ಊರಿನ ಹೆಸರು ಮಾತ್ರ ದಕ್ಕಿಲ್ಲ. ಪಕ್ಕದ ಜಿಲ್ಲೆಯ ತಿಪಟೂರಿನ ಮಾರುಕಟ್ಟೆಗೆ ಹೋದ ಕೂಡಲೇ ಅದು 'ತಿಪಟೂರು ಕೊಬ್ಬರಿ'. ಉತ್ತರ ಭಾರತದ ಮಿಠಾಯಿ ಅಂಗಡಿಗೆ ತಿಪಟೂರು ಗೊತ್ತು, ಚನ್ನರಾಯಪಟ್ಟಣ ಗೊತ್ತಿಲ್ಲ.

ಅಲ್ಲೊಂದು ಕಿರಾಣಿ ಅಂಗಡಿಯಲ್ಲಿ ಸಾಲಾಗಿ ನೀಲಿ ಪ್ಯಾರಾಚೂಟ್ ಬಾಟಲಿಗಳು. ಇದು ಬೇರೆ ಕೊಬ್ಬರಿಯ ಎಣ್ಣೆ, ನಮ್ಮ ತಿನ್ನುವ ಉಂಡೆಯದಲ್ಲ. ಡಬ್ಬದಿಂದ ಪ್ಲಾಸ್ಟಿಕ್ಕಿಗೆ ಬಂದಾಗ ಆ ಬಾಟಲಿಯನ್ನು ದುಂಡಗೆ ಮಾಡಿದ್ದು ಇಲಿಗಳಿಗಾಗಿ ಎಂದು ಅದರ ಮಾಲೀಕರೇ ಹೇಳಿಕೊಂಡಿದ್ದಾರೆ. ಮೂಲೆಯಿದ್ದರೆ ಇಲಿ ಹಲ್ಲೂರಿ ಕಡಿಯುತ್ತದೆ, ದುಂಡಗಿದ್ದರೆ ಜಾರುತ್ತದೆ. ಅವಳಿಗೆ ಹೆಚ್ಚು ಹಿಡಿಸಿದ್ದು ಬಾಟಲಿಯ ಮೇಲಿರುವುದಲ್ಲ, ಇಲ್ಲದಿರುವುದು. ತಲೆಗೆ ಹಚ್ಚಿ ಎಂದು ಅದರ ಮೇಲೆ ಎಲ್ಲೂ ಬರೆದಿಲ್ಲ. ನಾಡಿಗೆ ನಾಡೇ ತಲೆಗೆ ಹಚ್ಚುತ್ತದೆ. ಇಂಥ ಸಣ್ಣ ಬಾಟಲಿ ಅಡುಗೆ ಎಣ್ಣೆಯೋ ತಲೆ ಎಣ್ಣೆಯೋ, ಯಾವ ತೆರಿಗೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ತಲೆ ಎಣ್ಣೆ ಎಂದು ಚೀಟಿ ಹಚ್ಚಿ ಮಾರದಿದ್ದರೆ ಅದು ತಿನ್ನುವ ಎಣ್ಣೆಯೇ ಎಂದು 2024ರ ಡಿಸೆಂಬರ್ 18ರಂದು ತೀರ್ಪು ಬಂತು. ಕಾನೂನು ಚೀಟಿ ಓದಿತು. ಜನ ಚೀಟಿ ಓದುವುದೇ ಇಲ್ಲ.

ಅವಳ ಪ್ರಾಜೆಕ್ಟಿಗೆ ಎಷ್ಟು ಅಂಕ ಬರುತ್ತದೋ ಗೊತ್ತಿಲ್ಲ. ಐದು ಚೌಕಗಳ ಪ್ರಶ್ನಾವಳಿಯನ್ನು ಕೈಬಿಟ್ಟು, ಜನರ ಕೈಗಳ ಚಿತ್ರ ಬರೆಯುತ್ತಿದ್ದಾಳೆ: ಚೀಲದೊಳಗೆ ಇಳಿದ ಕೈ, ಎಲೆ ಹೊಸಕುವ ಬೆರಳು, ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವ ಕೈ. ಇದರಲ್ಲಿ ಬ್ರಾಂಡ್ ಎಲ್ಲಿ ಎಂದು ಮೇಷ್ಟ್ರು ಕೇಳಿದರೆ ಏನು ಹೇಳುತ್ತೀ ಎಂದೆ. ಈ ಕೈಗಳು ಎಲ್ಲಿ ಸೋಲುತ್ತವೋ ಅಲ್ಲಿ ಅಂತೀನಿ, ಎಂದಳು.

ಬೆಂಗಳೂರಿಗೆ ಹೊರಡುವ ದಿನ ಅಜ್ಜಿ ಅವಳಿಗೆ ಮನೆಯಲ್ಲಿ ಕಾಯಿಸಿದ ತುಪ್ಪ ಕಟ್ಟಿಕೊಟ್ಟರು. ತುಂಬಿದ್ದು ಹಳೆಯ ಚ್ಯವನಪ್ರಾಶದ ಡಬ್ಬಿಗೆ. ಹುಡುಗಿ ಬಿಸಿನೀರು ತಂದು ಅದರ ಚೀಟಿ ಉಜ್ಜಿ ಕೀಳಲು ಕುಳಿತಳು. ತುಪ್ಪಕ್ಕೆ ತಾನೇ ಒಂದು ಚೀಟಿ ಬರೆಯುತ್ತಾಳಂತೆ. ಅಜ್ಜಿ ಡಬ್ಬಿ ಕಿತ್ತುಕೊಂಡರು.

'ಇರ್ಲಿ ಬಿಡೇ. ಚ್ಯವನಪ್ರಾಶ ಅಂತಿದ್ರೆ ಆ ಹಾಸ್ಟೆಲ್ ಹುಡ್ಗೀರು ಮುಟ್ಟಲ್ಲ. ತುಪ್ಪ ಅಂತ ಬರೆದ್ಯೋ, ನಾಳೆ ಸಾಯಂಕಾಲಕ್ಕೆ ಡಬ್ಬಿ ತೊಳ್ದು ಇಟ್ಟಿರ್ತಾರೆ.'